ಅಡರಕಟ್ಟಿಯಲ್ಲಿ ಹೇಳಿದ ಪಗಾರ

೧೨ ಜೂನ್ ೨೦೨೫, ಗುರುವಾರ

ಇವತ್ತ ನಾನು ಕೆಲಸ ಮಾಡೋ ಕಾಲೇಜಿಗೆ ಹೊಸ ಹುಡುಗರನ್ನ ಹುಡುಕ್ಕೊಂಡು ಅಡರಕಟ್ಟಿಗೆ ಹೋಗಿದ್ದೆ. ಸೀಟು ತುಂಬಲಿಲ್ಲಂದ್ರ ನನ್ನ ಲ್ಯಾಬ್ ಕೆಲಸ ಹೋಗ್ತೈತಿ, ನಾನು ಓದಾಕ ಮಾಡಿದ ಸಾಲದ ಕಂತು ಅಬ್ಬಾನ ತಲಿ ಮ್ಯಾಲೆ ಬೀಳ್ತೈತಿ.

ಆ ಊರಾಗ ಪರಿಚಯದ ಸುಮಿತ್ರವ್ವ ಚಾ ಕೊಟ್ಟು ಕೇಳಿದ್ಲು: "ಮಗಳಿಗೆ ನಿಮ್ಮ ಕಾಲೇಜಿನ್ಯಾಗ ಈ ಇನ್ಫರ್ಮೇಶನ್ ಸಿಸ್ಟಮ್ಸ್ ಅನ್ನೋ ಕಂಪ್ಯೂಟರ್ ಕೋರ್ಸ್ ಓದಸಾಕ ನಾಕು ಲಕ್ಷ ಸಾಲ ಮಾಡಬೇಕು. ನೀನೂ ಅದನ್ನ ಓದೀಯಲ್ಲ ನಸ್ರೀನ, ನಿನಗೆಷ್ಟು ಪಗಾರ ಐತಿ? ಖರೆ ಹೇಳು ಯವ್ವಾ."

ಬರೋದು ಹದಿಮೂರು ಸಾವಿರ. ಎಂಟು ಸಾವಿರ ಕಂತಿಗೇ ಹೋಗ್ತೈತಿ.

"ನಲವತ್ತು ಸಾವಿರ," ಅಂದೆ.

ಆಕಿ ಅಲ್ಲೇ ಫಾರ್ಮಿಗೆ ಸಹಿ ಮಾಡಿದ್ಲು. ಮಗಳು ಸುಶ್ಮಿತಾ ಬಾಗಲತನಕ ಬಂದು ನನ್ನ ಕೈ ಹಿಡಕೊಂಡ್ಲು. "ಅಕ್ಕಾ, ನಾನೂ ನಿಮ್ಮಂಗ ಆಗ್ತೀನಿ."

ಆಗ್ತಾಳ. ಅದ ನನಗ ಅಂಜಿಕಿ.

ನಾಳೆ ಡಂಬಳಕ್ಕ ಹೋಗಂತ ಪ್ರಿನ್ಸಿಪಾಲರು ಹೇಳ್ಯಾರ. ಅಲ್ಲಿ ಯಾರರ ನನ್ನ ಪಗಾರ ಕೇಳಿದ್ರ...