ವಿಷಯ ನಾಲ್ಕು: ಪಟಾಕಿ ಅಂಗಡಿ

ಸೆಪ್ಟೆಂಬರ್ 23, ಮಂಗಳವಾರ. ಸಂಜೆ 6.40, ಬಸ್ಸಿನಲ್ಲಿ

ಕಿಟಕಿ ಸೀಟು ಸಿಕ್ಕಿತು. ಇವತ್ತಿನ ಒಂದೇ ಒಳ್ಳೆಯ ಸುದ್ದಿ.

ಅಕ್ಕಲಕೋಟದ ಮನೆ ಮುಟ್ಟಲು ಇನ್ನೂ ಒಂದು ತಾಸು. ಅಕ್ಷರ ಕುಣಿಯುತ್ತಿವೆ, ಕುಣಿಯಲಿ. ಓದುವವರು ಯಾರು? ಗಂಡ ಕೌಶಿಕರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮಗ ವೇದಾಂತ ಅಂತೂ ಇದನ್ನು ಜಿಲೇಬಿ ಅನ್ನುತ್ತಾನೆ. ಗಂಡನ ವಿಮಾ ಕಂಪನಿಯ ಪುಕ್ಕಟೆ ಡೈರಿ, ದಿನಕ್ಕೊಂದು ಪುಟ, ತಾರೀಖು ಅಚ್ಚಾಗಿದೆ. ಬೀಗ ಬೇಡ. ಅಪ್ಪ ನನ್ನನ್ನು ಕನ್ನಡ ಸಾಲೆಗೆ ಹಾಕಿದ್ದರ ಲಾಭ ಇಷ್ಟೇ.

ಇವತ್ತು ಸೋಲಾಪುರದಲ್ಲಿ ನಮ್ಮ ಆಫೀಸಿನ ವಾರ್ಡ್ ಸಭೆ, ನಡಾವಳಿ ಬರೆಯುವವಳು ನಾನು. ಮೂರು ತಾಸು. ವಿಷಯ ಒಂದು, ಐದು ದಿನಕ್ಕೊಮ್ಮೆ ಬರುವ ನೀರು. ಎರಡು, ಬೀದಿ ದೀಪ. ಮೂರು, ಬಾರದ ಕಸದ ಗಾಡಿ. ಈ ಮೂರಕ್ಕೇ ಜನ ಕೂಗಿ ಕೂಗಿ ಸುಸ್ತು. ನಾಲ್ಕು, ದೀಪಾವಳಿ ಪಟಾಕಿ. ರಾತ್ರಿ ಹತ್ತಕ್ಕೆ ಬಂದ್ ಅನ್ನುವ ನಿಯಮಕ್ಕೆ ಯಾರದೂ ತಕರಾರಿಲ್ಲ, ಯಾರೂ ಪಾಲಿಸುವುದಿಲ್ಲವಲ್ಲ. ಹದಿನೆಂಟು ಅಂಗಡಿ ಈ ವರ್ಷ ಕುಂಬಾರ ಮಾಳದ ಬಯಲಿಗೆ. ಅಂಗಡಿಕಾರರ ಮುಖಂಡ ಓಂಕಾರ ನಕಾಶೆ ಸಮೇತ ಬಂದಿದ್ದ.

ಆಗ ಕೊನೆಯ ಸಾಲಿನಿಂದ ಒಬ್ಬರು ಎದ್ದರು. ಕಲ್ಲಣ್ಣ. ಮಾಳದ ಓಣಿಯವರು, ಎಪ್ಪತ್ತರ ಹತ್ತಿರ, ಬಿಳಿ ಟೊಪ್ಪಿಗೆ. ಅಂದದ್ದು ಇದು—

"ಸಾಹೇಬ್ರ, ನಮ್ಮ ಓಣ್ಯಾಗ ನಲವತ್ತ ಮನಿ, ದಾರಿ ಒಂದs. ಆ ದಾರಿ ಬಾಯಾಗs ಇವರು ಅಂಗಡಿ ಹಾಕೂದು. ಬಾಜೂಕ ವೇಸ್ಟ್ ಗೋದಾಮು, ಟವೆಲ್ ಕಾರ್ಖಾನಿ ಹತ್ತಿ ಗಂಟು ತಗಡಿನ ಪತ್ರಾಸಿನ ತನಕ ತುಂಬ್ಯಾವ. ಹತ್ತಿ ಬೆಂಕಿ ಮೊದಲ ಹೊರಗ ಕಾಣೂದಿಲ್ರಿ, ಒಳಗೊಳಗ ಸುಡತದ. ಮೂವತ್ತೆಂಟ ವರ್ಷ ಮಗ್ಗದಾಗ ದುಡದೀನಿ, ಕಣ್ಣಾರೆ ನೋಡೀನಿ. ಹತ್ತಿದ್ರ ನಾವು ಎಲ್ಲಿಂದ ಹೊರಗ ಬರೂದ್ರಿ?"

ವಾರ್ಡ್ ಅಧಿಕಾರಿ ಅಣ್ಣಾರಾಯ ಸಾಹೇಬರು ಪೆನ್ನು ತಿರುಗಿಸುತ್ತ, "ಮರಾಠೀತ ಬೋಲಾ, ಕಾಕಾ" ಅಂದರು. ಕಲ್ಲಣ್ಣನವರ ಮರಾಠಿ ಬಜಾರದ ಮರಾಠಿ. ಎರಡು ಶಬ್ದ ಹೇಳಿದರು, ತಡವರಿಸಿದರು, ಕೂತರು. ಸಾಹೇಬರು ಬೋರಾಮಣಿಯವರು, ಕನ್ನಡದ ಊರು! ಫೋನಿನಲ್ಲಿ ತಾಯಿಯ ಜೊತೆ ಅಚ್ಚ ಕನ್ನಡ. ಮನೆಯಲ್ಲಿ ಒಂದು ನಾಲಿಗೆ, ಖುರ್ಚಿಯಲ್ಲಿ ಒಂದು. ಬೊಜ್ಜು ಮಾತ್ರ ಎರಡೂ ಕಡೆ ಅದೇ.

ರಫ್ ವಹಿಯಲ್ಲಿ ಮರಾಠಿಗೆ ಇಳಿಸುವಷ್ಟರಲ್ಲಿ ವಿಷಯ ಐದಕ್ಕೆ ಹೋಗಿಬಿಟ್ಟಿದ್ದರು. ಅದಕ್ಕೇ ಇಲ್ಲಿ ಬರೆದಿಟ್ಟೆ. ನಾಳೆ ಫೇರ್ ಮಾಡುವಾಗ ಸೇರಿಸಬೇಕು.

ಸೆಪ್ಟೆಂಬರ್ 24, ಬುಧವಾರ. ಮಧ್ಯಾಹ್ನ 1.30

ನಡಾವಳಿ ಟೈಪ್ ಆಯಿತು. ವಿಷಯ ನಾಲ್ಕು: ಸರ್ವಾನುಮತೇ ಮಂಜೂರ್. ಯಾರ ವಿರೋಧವೂ ಇಲ್ಲ.

ಸೇರಿಸಲಿಲ್ಲ.

ಬಿಡು ಅಂತ ಯಾರೂ ಹೇಳಲಿಲ್ಲ. ಸಾಹೇಬರು ಒಂದು ಮಾತು ಅಂದಿದ್ದರೆ ಅವರ ತಲೆಗೆ ಕಟ್ಟಬಹುದಿತ್ತು. ಅವರು ಬೆಳಿಗ್ಗೆ ಮರಾಠಿಯಲ್ಲಿ ಹೇಳಿದ್ದು ಬೇರೆ: ಕಂತ್ರಾಟಿ ನೌಕರರ ಪರ್ಮನೆಂಟ್ ಪಟ್ಟಿ ಅಕ್ಟೋಬರ್ ಕೊನೆಗೆ ಹೋಗುತ್ತದೆ, "ನಿಮ್ಮ ಹೆಸರು ನೋಡ್ತೀನಿ, ಶ್ರೀಲೇಖಾ ಬಾಯಿ." ಒಂಬತ್ತು ವರ್ಷ. ಹನ್ನೊಂದು ತಿಂಗಳು ಕೆಲಸ, ಒಂದು ದಿನ ಬ್ರೇಕ್, ಮತ್ತೆ ಹನ್ನೊಂದು ತಿಂಗಳು. ವಿರೋಧ ಅಂತ ಬರೆದರೆ ಫೈಲು ನಿಲ್ಲುತ್ತದೆ. ಫೈಲು ನಿಂತರೆ ನಿಲ್ಲಿಸಿದವರು ಯಾರು ಅಂತ ಕೇಳುತ್ತಾರೆ.

ಹೆದರಿದೆ. ಅಷ್ಟೇ ವಿಷಯ.

ಸೆಪ್ಟೆಂಬರ್ 26, ಶುಕ್ರವಾರ. ಸಂಜೆ, ಬಸ್ ಸ್ಟ್ಯಾಂಡ್

ಓಂಕಾರ ಅರ್ಧ ಕಿಲೋ ಬಾಲೂಶಾಹಿ ಟೇಬಲ್ ಮೇಲೆ ಇಟ್ಟು ಹೋದ. "ಮ್ಯಾಡಮ್, ಸರ್ವಾನುಮತೇ ಅಂತ ಚೊಲೋ ಬರದೀರಿ." ಬೇಡ ಅಂದೆ. ಎರಡು ಸಲ. ಮೂರನೇ ಸಲ ಅನ್ನಲಿಲ್ಲ.

ಅವನು ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ಕಲ್ಲಣ್ಣ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ. ಸರಕಾರಿ ಆಫೀಸಿಗೆ ಯಾರು ಚಪ್ಪಲಿ ಬಿಟ್ಟು ಬರುತ್ತಾರೆ?

"ಬಾಯಾರ, ಅವತ್ತ ನಾ ಅಂದದ್ದು ಬರಕೊಂಡ್ರೇನ್ರಿ?"

ಬಾಲೂಶಾಹಿ ಡಬ್ಬಿ ಇಬ್ಬರ ಮಧ್ಯದಲ್ಲೇ ಇತ್ತು.

"ಹೂಂರಿ, ಬರಕೊಂಡೀನಿ."

ಬಾಯಿಂದ ಹಾಗೇ ಬಂತು. ಸುಳ್ಳೂ ಅಲ್ಲವಲ್ಲ ಅಂತ ಒಳಗಿನಿಂದ ಯಾರೋ ವಕೀಲಿ ಮಾಡಿದರು... ಬರೆದಿದ್ದೀಯಲ್ಲ, ಡೈರಿಯಲ್ಲಿ.

ಅವರ ಮುಖ ಅರಳಿತು. "ಮುಗೀತು ಬಿಡ್ರಿ. ಓಣ್ಯಾಗಿನ ಹುಡುಗೂರು ಬರವಣಗಿ ಅರ್ಜಿ ಕೊಡೂಣು ಅಂತ ಗಂಟ ಬಿದ್ದಾವ. ಯಾಕ ಬೇಕು, ಬಾಯಾರು ಬರದಾರ ಅಂತ ಹೇಳ್ತೀನಿ. ಮುಂದಿನ ಸಭಾದಾಗ ಓದ್ತೀರಲ್ರಿ? ನನ್ನ ಹೆಸರು ಬಂದಾಗ ಎದ್ದು ನಿಂದ್ರತೀನಿ."

ಬಾಲೂಶಾಹಿ ಒಂದು ತಗೊಳ್ಳಿ ಅಂದೆ. ಸಕ್ಕರೆ ಕಾಯಿಲೆಯಂತೆ. ಬೇಡ ಅಂದರು.

ಸೆಪ್ಟೆಂಬರ್ 30, ಮಂಗಳವಾರ

ಲಿಖಿತ ತಕರಾರಿಗೆ ಕೊನೆ ದಿನ ಅಕ್ಟೋಬರ್ 6, ಸಂಜೆ ಐದು. ನೋಟೀಸ್ ಬೋರ್ಡಿಗೆ ಪಿನ್ನು ಚುಚ್ಚಿದವಳು ನಾನೇ. ಇನ್ನೂ ಆರು ದಿನ. ಕುಂಬಾರ ಮಾಳ ಆಫೀಸಿನಿಂದ ಹತ್ತು ನಿಮಿಷದ ದಾರಿ. ಹೋಗಿ, ಅರ್ಜಿ ಕೊಡಿರಿ ಅಂತ ಒಂದು ಮಾತು ಹೇಳಿದರೆ ಸಾಕು. ಯಾಕೆ ಅಂತ ಕೇಳುತ್ತಾರೆ. ಬರೆದೇ ಇಲ್ಲ ಅಂತ ಹೇಳಬೇಕಾಗುತ್ತದೆ.

ನಾಳೆ.

ಅಕ್ಟೋಬರ್ 2, ದಸರಾ

ಬನ್ನಿ ಕೊಟ್ಟು ಬಂಗಾರದಂಗ ಇರೋಣು ಅಂದೆ ಎಲ್ಲರಿಗೂ. ಅತ್ತೆಯವರು ದೃಷ್ಟಿ ತೆಗೆದರು. ಮುಖ ಯಾಕೋ ಇಳಿದದ ಅಂದರು. ಮಾಳಕ್ಕೆ ಹೋಗಿಲ್ಲ ಇನ್ನೂ.

ಅಕ್ಟೋಬರ್ 6, ಸೋಮವಾರ. ಸಂಜೆ 4.35

ಬಂದ ಅರ್ಜಿ ದಾಖಲಿಸುವ ಆವಕ ರಜಿಸ್ಟರ್ ನನ್ನ ಮುಂದೆ. ವಿಷಯ ನಾಲ್ಕಕ್ಕೆ ಇಲ್ಲಿತನಕ ಒಂದೂ ಅರ್ಜಿ ಇಲ್ಲ. ಬಾಗಿಲಲ್ಲಿ ಯಾರ ನೆರಳು ಬಿದ್ದರೂ ತಲೆ ಎತ್ತಿ ನೋಡುತ್ತಿದ್ದೇನೆ. ಯಾರಾದರೂ ಒಬ್ಬರು... ಒಂದು ಚೀಟಿ ಸಾಕು. ರಿಕ್ಷಾ ಹಿಡಿದರೆ ಈಗಲೂ—

5.05

ಕೆಂಪು ಗೆರೆ ಎಳೆದೆ. "ನಿರಂಕ", ಒಂದೂ ಇಲ್ಲ. ಸಹಿ ನನ್ನದೇ.

ಅಕ್ಟೋಬರ್ 7, ಮಂಗಳವಾರ. ಬಸ್ಸಿನಲ್ಲಿ

ಅವಧಿ ಮುಗಿದ ಮೇಲೆ ಕಾಲು ಬಂತು. ಇಂದು ಊಟದ ವೇಳೆ ಮಾಳಕ್ಕೆ ಹೋದೆ.

ಕಲ್ಲಣ್ಣ ಹೇಳಿದ್ದು ಕಡಿಮೆ. ಓಣಿಯಲ್ಲಿ ಎದುರಿಗೆ ಸೈಕಲ್ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಕೊನೆಯಲ್ಲಿ ಗೋಡೆ, ಆಚೆ ನಾಲೆ. ಗೋದಾಮಿನ ಪತ್ರಾಸು ಬಿಟ್ಟ ಕಡೆಯೆಲ್ಲ ಹತ್ತಿ ಹೊರಗೆ ಇಣುಕುತ್ತಿದೆ. ಬಯಲಲ್ಲಿ ಸುಣ್ಣದ ಗೆರೆ ಆಗಲೇ ಬಿದ್ದಿದೆ. ಅಂಗಡಿ ಅಂಗಡಿಗೆ ಮೂರು ಮೀಟರ್ ಅಂತರ, ನಿಯಮದ ಪ್ರಕಾರ. ಕೊನೆಯ ಮೂರು ಅಂಗಡಿ ಓಣಿಯ ಬಾಯಲ್ಲೇ. ಓಣಿಗೂ ಅಂಗಡಿಗೂ ಎಷ್ಟು ಅಂತರ ಇರಬೇಕು ಅಂತ ಯಾರೂ ಕೇಳಿಲ್ಲ. ಕೇಳಿದವರ ಮಾತು ನನ್ನ ಪರ್ಸಿನಲ್ಲಿದೆ.

ಕಲ್ಲಣ್ಣ ಮನೆಯಲ್ಲಿರಲಿಲ್ಲ. ಹೆಂಡತಿ ಗುರುಲಿಂಗಮ್ಮ ಗೋಡೆ ಹಿಡಿದು ಹಿಡಿದು ಹೊರಗೆ ಬಂದರು. ಮೊಳಕಾಲು ಮಡಚುವುದಿಲ್ಲ ಅವರಿಗೆ. ಅಷ್ಟರಲ್ಲೂ ಚಹಾ ಕಾಸಿದರು.

"ನೀವs ಏನ್ರಿ ಆ ಬಾಯಾರು? ನಿಮ್ಮ ಹೆಸರ ಹೇಳಿ ಇವರು ನಿದ್ದಿ ಮಾಡಾಕತ್ತಾರ ನೋಡ್ರಿ. ಹ್ವಾದ ತಿಂಗಳ ತನಕ ರಾತ್ರಿಯೆಲ್ಲಾ ಅಂಗಳದಾಗ ಕುಂತs ಇರ್ತಿದ್ರು."

ಚಹಾ ಕುಡಿದೆ. ಸತ್ಯ ಹೇಳಲಿಲ್ಲ. ಈ ಹೆಂಗಸು ಎಷ್ಟು ಹೊತ್ತಿನಲ್ಲಿ ಓಣಿಯ ಬಾಯಿ ಮುಟ್ಟುತ್ತಾರೆ ಅಂತ ಅಳೆಯಲು ವಾಪಸು ಬರುವಾಗ ನಿಧಾನ ನಡೆದು ನೋಡಿದೆ. ಆರು ನಿಮಿಷ.

ಅಕ್ಟೋಬರ್ 8, ಬುಧವಾರ. ಬೆಳಿಗ್ಗೆ 6

ನಿನ್ನೆ ಊಟಕ್ಕೆ ಕೂತಾಗ ಇವರಿಗೆ ಎಲ್ಲ ಹೇಳಿಬಿಟ್ಟೆ. ಕೌಶಿಕರು ರೊಟ್ಟಿ ಮುರಿಯುತ್ತ ಕೇಳಿದರು.

"ಒಂಬತ್ತ ವರ್ಷ ತಡದೀದಿ, ಇನ್ನ ಹದಿನೈದ ದಿವಸ ಸುಮ್ಮಕಿರು. ಎಲ್ಲಾ ಊರಾಗೂ ಅಂಗಡಿ ಹಾಕ್ತಾರ. ಏನಾಗತದ?"

"ನೀವು ವಿಮಾ ಏಜೆಂಟರು. ಮುಂದ ಹದಿನೆಂಟ ಪಟಾಕಿ ಅಂಗಡಿ ಇಟ್ಟು ಆ ಗೋದಾಮಿಗಿ ಪಾಲಿಸಿ ಮಾಡಿಸ್ತೀರೇನು?"

ರೊಟ್ಟಿ ತಾಟಿಗೆ ಇಟ್ಟರು. "ಇಲ್ಲ" ಅಂದರು. ಆಮೇಲೆ, "ಹಂಗಾರ ನನ್ನ ಯಾಕ ಕೇಳ್ತಿ?"

ಸಿಟ್ಟು ಬಂತು. ಆದರೆ ಮಾತು ಸರಿಯಾಗೇ ಇತ್ತು.

ಅಕ್ಟೋಬರ್ 9, ಗುರುವಾರ. ಬೆಳಿಗ್ಗೆ 10.50

ಹನ್ನೊಂದಕ್ಕೆ ಸಭೆ. ಮೊದಲು ಹಿಂದಿನ ನಡಾವಳಿ ಓದಬೇಕು, ಓದುವವಳು ನಾನು. ತಿದ್ದುಪಡಿ ಇಲ್ಲ ಅಂದರೆ ಸಹಿ. ಸಹಿ ಬಿದ್ದರೆ ಮುಗಿಯಿತು, ಸೋಮವಾರ ಪರವಾನಗಿ.

ಕಲ್ಲಣ್ಣ ಬಂದಿದ್ದಾರೆ. ಮೊದಲ ಸಾಲು. ಟೊಪ್ಪಿಗೆಗೆ ನೀಲಿ ಹಾಕಿ ಒಗೆದಿದ್ದಾರೆ. ನನ್ನನ್ನು ನೋಡಿ ತಲೆ ಬಾಗಿಸಿದರು.

ಇನ್ನು ಡೈರಿ ಪರ್ಸಿಗೆ.

ಸಂಜೆ 6.45, ಬಸ್ಸಿನಲ್ಲಿ

ನಿಂತೇ ಬರೆಯುತ್ತಿದ್ದೇನೆ. ಸೀಟಿಲ್ಲ.

ನೀರು ಓದಿದೆ. ದೀಪ ಓದಿದೆ. ಕಸ ಓದಿದೆ. "ವಿಷಯ ಕ್ರಮಾಂಕ ಚಾರ" ಅಂದ ಕೂಡಲೇ ಕಲ್ಲಣ್ಣ ಮೊಳಕಾಲ ಮೇಲೆ ಕೈ ಊರಿ ಅರ್ಧ ಎದ್ದರು. ಕಿವಿ ಮುಂದಕ್ಕೆ. ಹೆಸರಿಗಾಗಿ.

ಮುಂದಿನ ಶಬ್ದ "ಸರ್ವಾನುಮತೇ". ಅದು ನಾಲಿಗೆಗೆ ಬರಲೇ ಇಲ್ಲ.

"ಸಾಹೇಬ್ರ, ಇಲ್ಲಿ ಒಂದು ಮಾತು ಬಿಟ್ಟದ. ಬಿಟ್ಟಾಕಿ ನಾನು" ಅಂದೆ. ಕನ್ನಡದಲ್ಲೇ ಬಂತು. ಡೈರಿ ತೆಗೆದು ಸೆಪ್ಟೆಂಬರ್ 23ರ ಪುಟ ಓದಿದೆ. ನಲವತ್ತು ಮನೆ, ಒಂದೇ ದಾರಿ, ಹತ್ತಿ, ಎಲ್ಲ. ಕಲ್ಲಣ್ಣ ಪೂರ್ತಿ ಎದ್ದು ನಿಂತರು. ಓದಿ ಮುಗಿದ ಮೇಲೂ ನಿಂತೇ ಇದ್ದರು.

ಓಂಕಾರ ಖುರ್ಚಿ ಹಿಂದೆ ತಳ್ಳಿದ. "ಹೇ ಕಾಯ್ ಚಾಲಲಂಯ್, ಏನ್ ನಡದದ ಇದು? ತಕರಾರ ನೋಂದಣಿ ಬಂದ್ ಆಗ್ಯದ, ಇಕಿ ಮನಿ ವಹಿ ಇಲ್ಲಿ ನಡೀತದೇನು? ಬಾಲೂಶಾಹಿ ತಿನ್ನೂವಾಗ ನೆನಪಾಗಲಿಲ್ಲೇನ್ರಿ ಮ್ಯಾಡಮ್?"

ಎಲ್ಲರೂ ನನ್ನ ಕಡೆ. ನೆಲ ಬಿರಿಯಬಾರದೇ ಅನ್ನಿಸಿತು. "ತಿಂದೀನಿ" ಅಂದೆ. "ಅದನ್ನೂ ಬರಕೊಳ್ರಿ."

ಸಾಹೇಬರು ಕೈ ಚಾಚಿದರು. ಡೈರಿ ಕೊಟ್ಟೆ. ಅದೇ ಪುಟ ತೆರೆದು ಬೆರಳಿಟ್ಟರು. ತುಟಿ ಅಲ್ಲಾಡಿತು. ಬೆರಳು ಸಾಲಿನ ಮೇಲೆ ಸರಿಯುತ್ತ ಹೋಯಿತು, ಕಲ್ಲಣ್ಣನವರ ಮಾತು ದಾಟಿ ಕೆಳಗೆ... ಬೊಜ್ಜಿನ ಸಾಲಿನ ಹತ್ತಿರ ನಿಂತಿತು.

ಅವರಿಗೆ ಓದಲು ಬರುತ್ತದೆ!

ಸಭೆ ಮುಂದೂಡಿದರು. ನನ್ನನ್ನು ಪಡಸಾಲೆಗೆ ಕರೆದರು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಬರೀ ಕನ್ನಡ.

"ನಾಕನೇ ತನಕ ಕನ್ನಡ ಸಾಲಿನs ಕಲತೀನಿ, ಬಾಯಿ. ಕೇಳ್ರಿ. ನಾಳಿ ಹತ್ತೂವರಿಗಿ ಈ ವಹಿ ನನ್ನ ಟೇಬಲ್ ಮ್ಯಾಲ ಬೇಕು, ಫೈಲಿಗಿ ಹಚ್ಚಾಕ. ಇಡೀ ವಹಿ. ಬಿಡಿ ಹಾಳಿ ನಡ್ಯಾಂಗಿಲ್ಲ, ಅದನ್ನ ಯಾರ ಬೇಕಾದವರು ಇವತ್ತ ಕುಂತು ಬರೀತಾರ. ಒಂದ ತಾರೀಖ ಹರದಿದ್ರೂ ಓಂಕಾರ ವಕೀಲನ್ನ ತರ್ತಾನ. ವಹಿ ಬಂದ್ರ ಠರಾವು ತಡೀತೀನಿ, ಅಗ್ನಿಶಾಮಕದವರನ್ನ ಕರಸ್ತೀನಿ. ಬರಲಿಲ್ಲಂದ್ರ ಸೋಮವಾರ ಪರವಾನಗಿ ಹೋಗತಾವ."

"ಪರ್ಮನೆಂಟ್ ಪಟ್ಟಿ...?" ಅಂದೆ. ನಾಚಿಕೆಗೇಡಿ ಬಾಯಿ.

"ಆ ವಹ್ಯಾಗ ಏನೇನ ಬರದೀರಿ ಅನ್ನೂದು ನಿಮಗs ಗೊತ್ತು" ಅಂತ ಡೈರಿ ಕೈಗಿಟ್ಟು ಹೋದರು. ತರಲಿ ಅಂತಲೋ, ತರದಿರಲಿ ಅಂತಲೋ, ಆ ಮುಖ ನೋಡಿದರೆ ತಿಳಿಯಲಿಲ್ಲ.

ಮೆಟ್ಟಿಲ ಬಳಿ ಕಲ್ಲಣ್ಣ.

"ಅವತ್ತ ಬರದೀನಿ ಅಂದಿದ್ರಿ, ಬಾಯಾರ."

"ಬರದಿದ್ದೆ... ಇದರಾಗ."

ಡೈರಿಯನ್ನೇ ನೋಡಿದರು. ಬೈಯಲಿಲ್ಲ.

"ಅದರಾಗ ಬರದ್ರ ಯಾರಿಗಿ ಕೇಳಸ್ತದ್ರಿ?"

ಅಕ್ಟೋಬರ್ 10, ಶುಕ್ರವಾರ. ಬೆಳಿಗ್ಗೆ 9.10, ಬಸ್ಸಿನಲ್ಲಿ

ವಳಸಂಗ ದಾಟಿತು. ಪರ್ಸಿನಲ್ಲಿ ಬ್ಲೇಡ್ ಇದೆ. ಮನೆಯಿಂದಲೇ ತಂದಿದ್ದೆ, ಸುಳ್ಳು ಯಾಕೆ ಹೇಳಲಿ.

24ನೇ ತಾರೀಖಿನ ಪುಟ, ನಾನು ಬಿಟ್ಟದ್ದು. 26, ನಾನು ಸುಳ್ಳು ಹೇಳಿದ್ದು. ಆಮೇಲಿನವು, ಗೊತ್ತಿದ್ದೂ ಸುಮ್ಮನಿದ್ದದ್ದು. ಇವು ಇಲ್ಲದಿದ್ದರೆ ಮರೆತಿದ್ದೆ ಅಂದು ಜಾರಿಕೊಳ್ಳಬಹುದು. ಹಾಗೇ ಬಿಟ್ಟರೆ ಒಂಬತ್ತು ವರ್ಷದ ಕೆಲಸ ಹೋಯಿತು. ಜನವರಿಯಿಂದ ಎಲ್ಲ ತಿರುವಿದೆ. ಅತ್ತೆಯ ಮೇಲಿನ ಸಿಟ್ಟು, ಇವರ ಜೊತೆಗಿನ ಜಗಳ, ನನ್ನ ಮುಟ್ಟಿನ ನೋವು, ಎಲ್ಲ ಇದೆ ಇದರಲ್ಲಿ. ಸರಕಾರಿ ಫೈಲಿನಲ್ಲಿ ಎಲ್ಲವೂ! ಅಳು ಬಂತು. ಪಕ್ಕದ ಸೀಟಿನ ಹೆಂಗಸು ತವರಮನಿಯಿಂದ ಬಂದ್ರೇನ್ರಿ ಅಂತ ಕೇಳಿದರು. ಹೂಂ ಅಂದೆ.

ಎಂಐಡಿಸಿ ಕೈಗಾರಿಕಾ ಪ್ರದೇಶ ಬಂತು. ಟವೆಲ್ ಕಾರ್ಖಾನೆಗಳ ಮುಂದೆ ಟೆಂಪೋ ನಿಂತಿವೆ, ಹತ್ತಿ ಗಂಟು ಹೇರಿಕೊಂಡು. ಎಲ್ಲಿಗೆ ಹೋಗುತ್ತವೆ ಅಂತ ಈಗ ಗೊತ್ತು.

ಬ್ಲೇಡ್ ಕಿಟಕಿಯಿಂದ ಹೊರಗೆ ಹಾಕಿದೆ.

ಅಣ್ಣಾರಾಯ ಸಾಹೇಬರೇ, ಇಲ್ಲಿತನಕ ಓದಿದ್ದೀರಿ ಅಂದರೆ ಎಲ್ಲವನ್ನೂ ಓದಿದ್ದೀರಿ. ಬೊಜ್ಜಿನ ಮಾತಿಗೆ ಕ್ಷಮೆ ಇರಲಿ, ಹೊಡೆದುಹಾಕಿಲ್ಲ. ಪಟ್ಟಿಯಿಂದ ನನ್ನ ಹೆಸರು ತೆಗೆಯುವುದಿದ್ದರೆ ತೆಗೆಯಿರಿ. ಆದರೆ 23ರ ಪುಟ ಮರಾಠಿಗೆ ಇಳಿಸುವಾಗ ಕಲ್ಲಣ್ಣನವರ ಕೊನೆಯ ಸಾಲು ಬಿಡಬೇಡಿ. ಗುರುಲಿಂಗಮ್ಮನವರಿಗೆ ಆರು ನಿಮಿಷ ಬೇಕು, ನಾನು ನಡೆದು ನೋಡಿದ್ದೇನೆ. ಕಲ್ಲಣ್ಣನವರು ಕೇಳಿದ್ದು ಒಂದೇ. "ಹತ್ತಿದ್ರ ನಾವು ಎಲ್ಲಿಂದ ಹೊರಗ ಬರೂದ್ರಿ?"