ಆಟದ ಹಳ್ಳಕ್ಕೆ ನೀವು ಹೊಡೆದ ಸೀಲು

ಜಿಲ್ಲೆಯ ಹಳ್ಳಹೊಳೆಗಳ ಶುದ್ಧಿಯ ಹೊಣೆ ಹೊತ್ತ ಅಧಿಕಾರಿಗಳೇ,

‘ಮಾನ್ಯರೇ’ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಕಳಸದ ಹತ್ತಿರದ ನಮ್ಮ ಸೀಗೆಹಳ್ಳದ ನೀರು ಬಳಕೆಗೆ ಯೋಗ್ಯವಾಗಿದೆ ಎಂದು ನೀವು ಸಹಿ ಹಾಕಿದ್ದೀರಿ. ಅದಕ್ಕೆ ಆಧಾರವೆಂದು ಲಗತ್ತಿಸಿರುವುದು ನನ್ನ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಟ್ಯಾಬ್‌ನಲ್ಲಿ ಆಡಿದ ಆಟದ ಪ್ರಿಂಟು. ಹಳ್ಳದ ನೀರನ್ನು ನಿಮ್ಮ ಕಡೆಯವರು ಒಂದು ಲೋಟದಲ್ಲೂ ಎತ್ತಿ ನೋಡಿಲ್ಲ.

ಡಿಸೆಂಬರ್ ಬಂತೆಂದರೆ ಇಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ಗಳು ಶುರು. ಆ ನೀರನ್ನು ಹಾಗೇ ಬಿಟ್ಟರೆ ಹಳ್ಳ ಕಪ್ಪಾಗಿ ನಾರುತ್ತದೆ, ಮೀನು ಸತ್ತು ತೇಲುತ್ತವೆ. ಯಾಕೆ ಹೀಗಾಗುತ್ತದೆಂದು ಮಕ್ಕಳಿಗೆ ಕಲಿಸಲು ನಿಮ್ಮ ಕಚೇರಿಯೇ ನಮ್ಮ ಶಾಲೆಗೆ ಟ್ಯಾಬ್‌ನಲ್ಲಿ ಆಡುವ ಈ ಸಿಮ್ಯುಲೇಶನ್ ಆಟ ಕೊಟ್ಟಿತು. ಒಳ್ಳೆಯದೇ, ಸುಳ್ಳೇಕೆ ಹೇಳಲಿ? ಪಲ್ಪರ್ ನೀರು ಹೆಚ್ಚಿಸಿದರೆ ಪರದೆಯ ಹಳ್ಳದಲ್ಲಿ ಆಮ್ಲಜನಕ ಇಳಿಯುತ್ತದೆ. ತಿಳಿಯಾಗಿಸುವ ತೊಟ್ಟಿ ಕಟ್ಟಿ, ಸುಣ್ಣ ಹಾಕಿದರೆ ಮತ್ತೆ ಏರುತ್ತದೆ. ನಾನು ಹೇಳಿದ ಆ ಹುಡುಗಿ, ಕವನಾ, ಮೂರು ವಾರ ಕೂತು, ತೊಟ್ಟಿಯನ್ನು ಹದಿನೇಳು ಸಲ ಕೆಡವಿ ಕಟ್ಟಿ, ಆಮ್ಲಜನಕವನ್ನು ಲೀಟರಿಗೆ 7.6 ಮಿಲಿಗ್ರಾಂಗೆ, ಅಂದರೆ ಶುದ್ಧ ಹಳ್ಳದ ಮಟ್ಟಕ್ಕೆ, ಮುಟ್ಟಿಸಿದಳು. ‘ನಿಮ್ಮ ಹಳ್ಳದ ಹೆಸರು ಬರೆಯಿರಿ’ ಎಂದಿತು ಪರದೆ. ಅವಳು ಸೀಗೆಹಳ್ಳ ಎಂದು ಬರೆದಳು. ಇನ್ನೇನು ಗಂಗಾನದಿ ಎಂದು ಬರೆಯಬೇಕಿತ್ತೇ?

ಜನವರಿಯ ವಿಜ್ಞಾನ ಪ್ರದರ್ಶನಕ್ಕೆ ನೀವು ಬಂದಿರಿ. ಅವಳ ಬೆನ್ನು ತಟ್ಟಿ, ‘ನಿಜವಾದ ಹಳ್ಳವನ್ನೂ ಹೀಗೇ ಉಳಿಸಮ್ಮಾ’ ಎಂದಿರಿ. ನಾನಂತೂ ಉಬ್ಬಿಹೋದೆ. ಅವಳ ಫಲಿತಾಂಶದ ಒಂದು ಪ್ರತಿ ಕೊಡಿ ಎಂದು ನೀವು ಕೇಳಿದಾಗ ನಾನೇ ಪ್ರಿಂಟು ತೆಗೆದು ಕೈಯಾರೆ ಕೊಟ್ಟೆ. ಅದಾಗಲೇ ಊರವರು ಕಪ್ಪು ನೀರಿನ ಬಾಟಲಿಯ ಸಮೇತ ಕೊಟ್ಟ ದೂರು ನಿಮ್ಮ ಮೇಜಿನ ಮೇಲಿತ್ತು. ವಾರ ಕಳೆಯುವುದರೊಳಗೆ ಪಂಚಾಯಿತಿಯ ಗೋಡೆಗೆ ನಿಮ್ಮ ಉತ್ತರ ಅಂಟಿತು: ‘ನೀರು ಸುಸ್ಥಿತಿಯಲ್ಲಿದ್ದು ಬಳಕೆಗೆ ಯೋಗ್ಯವಾಗಿದೆ. ಪ್ರೌಢಶಾಲೆಯ ಪರೀಕ್ಷಾ ವರದಿ ಲಗತ್ತಿಸಿದೆ. ದೂರು ಮುಕ್ತಾಯಗೊಳಿಸಲಾಗಿದೆ.’ ಆ ಪ್ರಿಂಟಿನ ಮೂಲೆಯಲ್ಲಿ ಟೋಪಿ ಹಾಕಿದ ಮೀನೊಂದು ‘ಶಭಾಷ್!’ ಎನ್ನುತ್ತಿದೆ, ಸ್ವಾಮಿ. ಯಾವ ಪ್ರಯೋಗಾಲಯದ ವರದಿಯಲ್ಲಿ ಮೀನು ಟೋಪಿ ಹಾಕಿಕೊಂಡಿರುತ್ತದೆ? ನಿಮಗೆ ಅದು ಕಾಣಲಿಲ್ಲ ಎಂದರೆ ನಾನು ನಂಬುವುದಿಲ್ಲ.

ಕವನಾಳ ಅಜ್ಜಿ ಗಿಡ್ಡಮ್ಮ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವವರು. ಮೊಮ್ಮಗಳ ಮಾತು ಕೇಳಿ, ಡಿಸೆಂಬರಿನಿಂದ ಹಳ್ಳದ ನೀರು ಬಿಟ್ಟು, ಗುಡ್ಡದ ಮೇಲಿನ ಒರತೆಯಿಂದ ಕೊಡ ಹೊರುತ್ತಿದ್ದರು. ನಿಮ್ಮ ಕಾಗದವನ್ನು ಕವನಾಳಿಂದಲೇ ಓದಿಸಿಕೊಂಡರು.

“ಅದು ಆಟದ್ದು ಅಜ್ಜಿ, ನಿಜದ ನೀರಲ್ಲ” ಎಂದಳಂತೆ ಹುಡುಗಿ.

“ಆಟದ್ದಕ್ಕೆ ಸರ್ಕಾರದವ್ರು ಸೀಲು ಹೊಡೀತಾರಾ ಮಾರಾಯ್ತಿ? ನೀರು ಒಂಚೂರು ಬಣ್ಣ ತಿರುಗಿದೆ, ಅಷ್ಟೇ. ನಂಗೆ ಇನ್ನು ಗುಡ್ಡ ಹತ್ತೋಕಾಗಲ್ಲ.”

ಅವತ್ತಿನಿಂದ ಮತ್ತೆ ಹಳ್ಳದ ನೀರನ್ನೇ ಕುಡಿದರು; ಮೂರನೇ ದಿನಕ್ಕೆ ವಾಂತಿ, ಹೊಟ್ಟೆನೋವು, ತಲೆಸುತ್ತು. ಐದು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಜೀವ ಉಳಿಯಿತು, ಪುಣ್ಯ. ಪಲ್ಪರ್ ನೀರು ಮಾತ್ರ ಇವತ್ತಿಗೂ ಹಳ್ಳಕ್ಕೇ ಹರಿಯುತ್ತಿದೆ. ಕೇಳಿದರೆ ಎಸ್ಟೇಟಿನ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್ ನಿಮ್ಮ ಪತ್ರವನ್ನೇ ತೋರಿಸುತ್ತಾರೆ. ನಮ್ಮ ಮಕ್ಕಳ ಕಲಿಕೆಯನ್ನು ನೀವು ನಮ್ಮ ವಿರುದ್ಧವೇ ಸಾಕ್ಷಿ ಮಾಡಿದಿರಿ. ಸೋಮಾರಿತನವಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಇದು ದ್ರೋಹ.

ಆ ಪತ್ರವನ್ನು ಹಿಂಪಡೆಯಿರಿ. ಪಲ್ಪರ್ ಓಡುವ ದಿನವೇ ಬಂದು, ಊರವರ ಎದುರು ನೀರು ತುಂಬಿಸಿ ಪರೀಕ್ಷೆಗೆ ಕಳಿಸಿ. ಆದರೆ ಅದಕ್ಕೂ ಮೊದಲು ನನ್ನ ತರಗತಿಗೆ ಬಂದು, ಕವನಾಳ ಮುಂದೆ ನಿಂತು, ತಪ್ಪು ನಿಮ್ಮದೆಂದು ಬಾಯಿಬಿಟ್ಟು ಹೇಳಿ. ಅವಳೀಗ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಟ್ಯಾಬ್ ಮುಟ್ಟುವುದಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅವಳದು ಒಂದೇ ಮಾತು: “ಹಳ್ಳದ ಹೆಸರು ಬರೆದಿದ್ದು ನಾನೇ ಅಲ್ವಾ ಟೀಚರ್?”

ಇಂತಿ,
ಕೇಳಿದ ತಕ್ಷಣ ಕಾಗದ ಕೊಟ್ಟು ಕೆಟ್ಟ
ರುದ್ರಾಣಿ
ವಿಜ್ಞಾನ ಶಿಕ್ಷಕಿ