ಉಪ್ಪಿನಕಾಯಿಯ ಮೇಲಿಟ್ಟ ಕಲ್ಲು

ಸನ್ನಿವೇಲ್
೨೪ ಸೆಪ್ಟೆಂಬರ್ ೨೦೨೫, ಬುಧವಾರ

ಗುರುಕಿರಣನ ಅಪ್ಪನವರಿಗೆ ನೀಲಾಬಾಯಿಯ ನಮಸ್ಕಾರಗಳು.

ಬಂದು ಒಂದೂವರೆ ತಿಂಗಳಾದರೂ ಕಾಗದ ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಎರಡು ಸಲ ಬರೆಯಲು ಕುಳಿತೆ, ಎರಡೂ ಸಲ ಕುಳಿತಲ್ಲೇ ತೂಕಡಿಸಿದೆ. ಪ್ರತಿ ಭಾನುವಾರ ವಿಡಿಯೋದಲ್ಲಿ ಮುಖ ನೋಡುವಾಗ ಕಾಗದವೇಕೆ ಎಂದು ನೀವು ಕೇಳಬಹುದು. ಫೋನು ಬಂತೆಂದರೆ ನೀವು ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಕೂರುತ್ತೀರಿ, ನಾನು ಇಲ್ಲಿ ಸೀನಿದರೆ ಇಡೀ ಓಣಿಗೆ ಕೇಳುತ್ತದೆ. ಈ ಮಾತು ಓಣಿಗೆ ಬೇಡ. ಕಿರಣನ ಗೆಳೆಯ ಆನಂದತೀರ್ಥ ನಾಳೆ ಊರಿಗೆ ಹೊರಟಿದ್ದಾನೆ, ನಿಮ್ಮ ಕೈಗೇ ತಂದು ಕೊಡುತ್ತಾನೆ. ಕನ್ನಡಕ ಹಾಕಿಕೊಂಡು ಒಬ್ಬರೇ ಓದಿ.

ನನ್ನ ಮೊಣಕಾಲು ಹಾಗೇ ಇದೆ. ಸೀಗಿ ಹುಣ್ಣಿಮೆಗೆ ಹೊಲದ ತುಂಬ ಎಡೆಯ ಅನ್ನ ಚೆಲ್ಲಿ ಬಂದ ಮರುದಿನ ನಾನು ಕಾಲು ನೀವಿಕೊಳ್ಳುತ್ತ ಕುಳಿತರೆ ನೀವು ವರ್ಷವೂ ಹಾಸ್ಯ ಮಾಡುತ್ತೀರಲ್ಲ, “ಚರಗ ಚೆಲ್ಲೂದು ಗಂಡಸರ ಕೆಲಸ. ನೀ ಯಾಕ ಹೊಲದ ಮೂಲಿ ಮೂಲಿ ತಿರಗತೀ? ಅದಕ್ಕ ಮೊಣಕಾಲು ಸವದಾವು” ಅಂತ. ಇಲ್ಲಿ ಹೊಲವೂ ಇಲ್ಲ, ಚರಗವೂ ಇಲ್ಲ. ನೋವು ಮಾತ್ರ ನನ್ನ ಜೊತೆಗೇ ವಿಮಾನ ಹತ್ತಿ ಬಂದಿದೆ.

ಈ ಊರಿನಲ್ಲಿ ಎಲ್ಲರೂ ದಣಿದಿದ್ದಾರೆ. ಕಿರಣ ಪ್ಲೆಸೆಂಟನ್ನಿನ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಫ್ರೀವೇ ಅವನನ್ನು ಹಿಂಡಿ ಹಾಕಿರುತ್ತದೆ. ಸೊಸೆ ನಿವೇದಿತಾ ಕಂಪನಿಯ ಬಸ್ಸಿನಲ್ಲಿ ಮೌಂಟನ್ ವ್ಯೂಗೆ ಹೋಗಿ ಬರುತ್ತಾಳೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಕೈಯೂರಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಒಳಗೆ ಬರುತ್ತಾಳೆ. ಕೆಲಸದ ದಣಿವು ಅಂದುಕೊಂಡಿದ್ದೆ. ನಾನು ಹೊರಡುವ ದಿನ ನೀವು ಹೇಳಿ ಕಳಿಸಿದ್ದಿರಿ: “ಫೋನಿನ್ಯಾಗ ಕೇಳಿದ್ರ ನಕ್ಕು ಜಾರಿಕೋತಾರ. ನೀ ಎದುರಿಗೆ ಕುಂತು ಕೇಳು, ವಿಶೇಷ ಯಾವಾಗ ಅಂತ.” ಆ ಮಾತು ಎಷ್ಟೋ ಸಲ ಬಾಯಿತನಕ ಬಂತು. ಆಕೆ ಹಾಗೆ ಗೋಡೆ ಹಿಡಿದು ನಿಲ್ಲುವುದನ್ನು ನೋಡಿ ನುಂಗಿಕೊಂಡೆ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ.

ಇವರ ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ನಿವೇದಿತಾ ಏನೇನೋ ಜೋಡಿಸಿಟ್ಟಿರುತ್ತಾಳೆ. ನಾನು ಬಂದಾಗ ಗೋಧಿಯ ತೆನೆ, ಒಂದು ತುಂಡು ಬ್ರೆಡ್ಡು, ಒಣಗಿದ ಲ್ಯಾವೆಂಡರ್ ಇತ್ತು. ಈ ತಿಂಗಳು ಅದನ್ನೆಲ್ಲ ತೆಗೆದು ಸೇಬು, ಓಕ್ ಮರದ ಕಾಯಿ, ರೋಸ್‌ಮರಿ ಕಡ್ಡಿ ಇಟ್ಟಳು. ಧೂಪ ಹಾಕಲು ಒಂದು ಚಿಪ್ಪು, ಸುತ್ತ ನಾಲ್ಕಾರು ಕಲ್ಲು. ಇದೇನಪಾ ಎಂದು ಕಿರಣನನ್ನು ಕೇಳಿದೆ. “ಅವ್ವಾ, ಕೆಳಗಿನ ಮನೀ ಡೋರೀನ್ ಅಂತ ಅಜ್ಜಿ ಅದಾಳಲ್ಲ, ಅವರು ಪೇಗನ್ ಮಂದಿ. ಅವರಿಗೆ ಗುಡಿ ಇಲ್ಲ, ಚರ್ಚಿಲ್ಲ. ಋತು ಬದಲಾದಾಗೊಮ್ಮೆ ಗಿಡಮೂಲಿಕಿ, ಕಲ್ಲು, ಧೂಪ ಇಟ್ಟು ಹಬ್ಬ ಮಾಡ್ತಾರ. ನಿವೇದಿತಾ ಅವರ ಗ್ರೂಪಿಗೆ ಹೋಗ್ತಾಳ” ಅಂದ. ಮನೆಯಲ್ಲಿ ದೇವರ ಫೋಟೋ ಧೂಳು ಹಿಡಿದು ಕೂತಿರುವಾಗ ಈ ವೈಭವ ಬೇರೆ ಎಂದು ನನಗೆ ಸಿಟ್ಟು ಬಂದಿದ್ದು ಸುಳ್ಳಲ್ಲ.

ಹೋದ ವಾರ ಲಿಂಬೆಕಾಯಿ ಉಪ್ಪಿನಕಾಯಿ ಹಾಕಿದೆ. ಹೋಳು ಮೇಲೆ ತೇಲದಂತೆ ಹೇರಲು ಈ ಮನೆಯಲ್ಲಿ ಏನಿದೆ? ಕಿಟಕಿಯಲ್ಲಿ ಒಂದು ಕರಿ ಕಲ್ಲಿತ್ತು, ಅಂಗೈಯಗಲ, ನುಣ್ಣಗೆ. ಏನೋ ಎಣ್ಣೆ ಹಚ್ಚಿದ್ದರು. ವಿಮ್ ಹಾಕಿ ತಿಕ್ಕಿ ತೊಳೆದು, ಒರೆಸಿ, ಭರಣಿಯೊಳಗೆ ಹೇರಿಟ್ಟೆ. ಸಂಜೆ ಸೊಸೆ ಬಂದವಳೇ ಕೇಳಿದಳು, “ಅತ್ತೆ, ಇಲ್ಲಿದ್ದ ಕಲ್ಲು ಎಲ್ಲಿ?” ನಾನು ನಗುತ್ತ ಭರಣಿ ತೋರಿಸಿದೆ. ಆಫೀಸಿನ ಬಟ್ಟೆಯಲ್ಲೇ ಮೊಣಕೈತನಕ ಕೈ ಹಾಕಿ ಕಲ್ಲು ತೆಗೆದಳು. ಖಾರ, ಉಪ್ಪು, ಎಣ್ಣೆ ಎಲ್ಲ ಮೈಮೇಲೆ ಸುರಿಯಿತು. ಅದನ್ನು ತೊಳೆದು, ತನ್ನ ದುಪಟ್ಟಾದಲ್ಲಿ ಸುತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಂದಿನಿಂದ ಮಾತು ಬಂದ್. ಊಟಕ್ಕೆ ಬಾ ಅಂದರೆ ಬರುವಳು, ತಟ್ಟೆ ತೊಳೆದಿಟ್ಟು ಹೋಗುವಳು. “ಒಂದ್ ಕಲ್ಲಿಗೆ ಇಷ್ಟ್ ಸಿಟ್ಟೇನಪಾ?” ಎಂದು ಕಿರಣನನ್ನು ಕೇಳಿದರೆ, “ಅವ್ವಾ, ಅದರ ಸುದ್ದಿ ಬಿಡು” ಎಂದು ಮೀಟಿಂಗು ಇದೆಯೆಂದು ಎದ್ದು ಹೋದ. ನನಗೂ ಸ್ವಾಭಿಮಾನವಿದೆ. ಶನಿವಾರ ಬೆಳಿಗ್ಗೆ ಹೇಳಿಬಿಟ್ಟೆ, “ನನ್ನ ಡಿಸೆಂಬರ್ ಟಿಕೆಟ್ ಹಿಂದಕ ಮಾಡು. ನಾ ಊರಿಗೆ ಹೋಗ್ತೀನಿ.” ಅವನು ಫೋನು ತೆಗೆದು ವಿಮಾನದ ದಿನಗಳನ್ನು ಹುಡುಕತೊಡಗಿದ. ಮಗನ ಮನೆಯ ಬಾಗಿಲು ಇನ್ನು ನನಗೆ ಮುಚ್ಚಿತು ಎಂದೇ ಅಂದುಕೊಂಡೆ.

ಭಾನುವಾರ ಅಮಾವಾಸ್ಯೆ. ಏನೇ ಇರಲಿ, ಹಿರಿಯರ ಎಡೆ ತಪ್ಪಿಸಬಾರದೆಂದು ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ ಮಾಡಿದೆ. ಎಡೆ ಇಟ್ಟು ಲೋಬಾನ ಹಾಕಿದ್ದೇ ತಡ, ಸೂರಿನಲ್ಲಿರುವ ಹೊಗೆಯ ಗಂಟೆ ಕಿರುಚಿಕೊಂಡಿತು. ಕಿರಣ ಕುರ್ಚಿ ಹತ್ತಿ ಅದಕ್ಕೆ ಪೇಪರಿನಿಂದ ಗಾಳಿ ಬೀಸುತ್ತಿದ್ದಾಗ ಬಾಗಿಲು ಬಡಿದು ಡೋರೀನ್ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಹಿಂದೆ ಸ್ಕೂಲ್ ಬಸ್ ಓಡಿಸುತ್ತಿದ್ದಳಂತೆ. ಬೈಯಲು ಬಂದಳೆಂದುಕೊಂಡೆ. ಆಕೆ ನಿಂತು ಲೋಬಾನದ ವಾಸನೆ ಎಳೆದುಕೊಂಡು, ಎಡೆ ನೋಡಿ, ಇದು ಯಾರಿಗೆ ಎಂದು ಕೇಳಿದಳು. ತೀರಿಕೊಂಡ ಹಿರಿಯರಿಗೆ ಎಂದೆ. ನಿವೇದಿತಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. “ಇವತ್ತು ನಮ್ಮದೂ ಇದೆ. ಹಗಲು ರಾತ್ರಿ ಸಮ ಆಗುವ ಹಬ್ಬ. ನಿಮ್ಮ ಅತ್ತೆಯನ್ನು ಕರೆದುಕೊಂಡು ಬಾ, ಈ ಧೂಪವನ್ನೂ ತಾ” ಅಂದಳಂತೆ.

ನಾನು ಹೋದದ್ದು ಹಬ್ಬದ ಆಸೆಗಲ್ಲ. ಸೊಸೆ ನನ್ನ ಕಡೆ ತಿರುಗಿ ಮಾತಾಡಿದ್ದೇ ಸಾಕಾಗಿತ್ತು.

ಈಜುಕೊಳದ ಹಿಂದಿನ ಹುಲ್ಲಿನ ಮೇಲೆ ಬಟ್ಟೆ ಹಾಸಿ ಐದಾರು ಹೆಂಗಸರು ಕುಳಿತಿದ್ದರು. ಮಧ್ಯದಲ್ಲಿ ಸೇಬು, ಬ್ರೆಡ್ಡು, ಸೊಪ್ಪಿನ ಕಟ್ಟು. ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟರು. ಉಜ್ಜಿ ಮೂಸಿದೆ. ನಮ್ಮ ಮಾಚಿಪತ್ರೆ. ನನಗೆ ಅಲ್ಲಿಯೇ ಊರು ನೆನಪಾಯಿತು. ಇದು ಒಣ ಕಾಲ, ಬೆಂಕಿ ಹೊತ್ತಿಸುವಂತಿಲ್ಲ, ಅದಕ್ಕೇ ಚಿಪ್ಪಿನಲ್ಲಿ ಒಂದೇ ಕೆಂಡ. ಅದರ ಮೇಲೆ ಅವರ ರೋಸ್‌ಮರಿಯ ಜೊತೆ ನನ್ನ ಲೋಬಾನವನ್ನೂ ಉದುರಿಸಿದರು. ಬಟ್ಟೆಯ ಮೇಲೆ ಕಲ್ಲು ಜೋಡಿಸುವುದನ್ನು ನೋಡಿ ನನಗೆ ಸುಮ್ಮನಿರಲಾಗಲಿಲ್ಲ. “ಇದು ನಮ್ಮ ಸೀಗಿ ಹುಣ್ಣಿಮಿ ಅಲ್ಲೇನು? ನಾವೂ ಬನ್ನಿಗಿಡದ ಬುಡಕ್ಕ ಐದು ಕಲ್ಲು ಇಟ್ಟು ಪೂಜಿ ಮಾಡ್ತೀವಿ. ಪೈರು ತುಂಬಿ ಭೂಮಿತಾಯಿ ಬಸುರಾಗಿರ್ತಾಳ, ಆಕೀ ಬಯಕಿ ತೀರಿಸಾಕ ಹೊಲದ ತುಂಬ ಚರಗ ಚೆಲ್ತೀವಿ” ಎಂದೆ. ಸೊಸೆ ಇಂಗ್ಲಿಷಿನಲ್ಲಿ ಹೇಳುತ್ತ ಬಂದವಳು ಬಸುರಿ ಎಂಬಲ್ಲಿ ನಿಂತುಬಿಟ್ಟಳು. ಡೋರೀನ್ ಆಕೆಯ ಬೆನ್ನ ಮೇಲೆ ಕೈ ಇಟ್ಟಳು.

ಆಮೇಲೆ ಒಬ್ಬೊಬ್ಬರೂ ತಮ್ಮ ಕಲ್ಲು ಇಟ್ಟು ಅದು ಯಾರ ಹೆಸರಿನದೆಂದು ಹೇಳಿದರು. ನಿವೇದಿತಾ ದುಪಟ್ಟಾ ಬಿಚ್ಚಿ ಆ ಕರಿ ಕಲ್ಲು ಇಟ್ಟಳು. ನನ್ನ ಕಡೆ ತಿರುಗಿದಳು.

“ಅತ್ತೆ, ಮಾರ್ಚಲ್ಲಿ ನಮಗೊಬ್ಳು ಮಗಳು ಹುಟ್ಟಿದ್ಳು. ಆರನೇ ತಿಂಗಳು. ಉಸಿರಾಡ್ಲಿಲ್ಲ. ಮುಂಚೆ ಒಂದು ಸಲ ನಿಂತಿರ್ಲಿಲ್ಲ, ಅದಕ್ಕೆ ಈ ಸಲ ಗಟ್ಟಿ ಆಗೋವರೆಗೂ ಯಾರಿಗೂ ಹೇಳೋದು ಬೇಡ ಅಂದ್ಕೊಂಡಿದ್ವಿ. ಆಮೇಲೆ ಹೇಳೋಕೆ ಕಿರಣ್‌ಗೆ ಆಗ್ಲೇ ಇಲ್ಲ. ಪ್ರತಿ ಸಂಡೇ ಮಾವ ವಿಶೇಷ ಏನು ಅಂತ ಕೇಳೋರು, ಕಿರಣ್ ಮ್ಯೂಟ್ ಮಾಡಿ ಬಾತ್‌ರೂಮಿಗೆ ಹೋಗಿಬಿಡೋರು. ನಮ್ಮಮ್ಮ ಊರಿನ ಅಯ್ಯನವ್ರನ್ನ ಕೇಳಿದ್ರು. ಅಂಥ ಮಗು ಲೆಕ್ಕಕ್ಕಿಲ್ಲ, ಏನೂ ಮಾಡೋ ಹಾಗಿಲ್ಲ, ಮರ್ತುಬಿಡಿ ಅಂದ್ರಂತೆ. ಹೆಸರೇನು ಅಂತ ಕೇಳಿದ್ದು ಡೋರೀನ್ ಒಬ್ಬಳೇ. ಈ ಕಲ್ಲನ್ನ ಅವಳೇ ಕೊಟ್ಟಿದ್ದು.”

“ಹೆಸರೇನವ್ವಾ?” ಎಂದೆ.

“ದವನ.”

ನಾನು ಏನು ಮಾಡಬೇಕಿತ್ತು ಹೇಳಿ. ವಿಮ್ ಹಾಕಿ ತಿಕ್ಕಿದ ಕೈ ಇದು. ಕಲ್ಲನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಎಷ್ಟು ತೊಳೆದರೂ, ಎಷ್ಟು ರೋಸ್‌ಮರಿ ಎಣ್ಣೆ ಹಚ್ಚಿದರೂ ಅದಕ್ಕಿನ್ನೂ ಲಿಂಬೆ, ಇಂಗಿನ ವಾಸನೆ. ನಾನು ಅಳುತ್ತಿದ್ದೆ. ನಿವೇದಿತಾ ಬಗ್ಗಿ ಮೂಸಿ ನೋಡಿ, “ಇರ್ಲಿ ಬಿಡಿ ಅತ್ತೆ. ಅಜ್ಜಿ ಕೈ ಉಪ್ಪಿನಕಾಯಿ ಅವಳಿಗೂ ಸಿಕ್ತಲ್ಲ” ಎಂದು ನಕ್ಕಳು. ನಗುತ್ತಲೇ ನನ್ನ ಹೆಗಲ ಮೇಲೆ ಬಿದ್ದು ಅತ್ತಳು. ಡೋರೀನ್ ಕೆಂಡದ ಮೇಲೆ ಇನ್ನಷ್ಟು ಲೋಬಾನ ಉದುರಿಸಿದಳು. ಮೇಲೆ ಬಂದ ಮೇಲೆ ಹಿರಿಯರ ಎಡೆಯ ಪಕ್ಕದಲ್ಲಿ ಕಲ್ಲಿಟ್ಟು ಅರ್ಧ ಹೋಳಿಗೆ ಬಡಿಸಿದೆ. ಹೆಸರಿಲ್ಲದವರಿಗೆ ಎಡೆ ಇಡಬಾರದು ಎಂದು ನಿಮ್ಮ ಅವ್ವ ಹೇಳುತ್ತಿದ್ದರು. ಇವಳಿಗೆ ಹೆಸರಿದೆ. ಕಿರಣ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿ, ಬಂದು ನನ್ನ ಪಕ್ಕ ನೆಲದ ಮೇಲೆ ಕುಳಿತ.

ಟಿಕೆಟ್ ಹಿಂದೆ ಮಾಡಿಸಿಲ್ಲ. ಡಿಸೆಂಬರಿಗೇ ಬರುತ್ತೇನೆ. ಈ ಕಾಗದ ಮುಟ್ಟಿದ ಮೇಲೆ ಫೋನಿನಲ್ಲಿ ವಿಶೇಷ ಏನು ಎಂದು ಕೇಳಬೇಡಿ. ನೀವು ತಿಳಿಯದೆ ಕೇಳಿದಿರಿ, ಊರಿನಲ್ಲಿದ್ದಾಗ ಫೋನಿನಲ್ಲಿ ನಾನೂ ಕೇಳಿದ್ದೆ. ಇನ್ನು ಮೇಲೆ ಊಟ ಆಯಿತೇನು ಎಂದು ಕೇಳಿದರೆ ಸಾಕು. ಗಟ್ಟಿಯಾಗಿ ಕೂಗದೆ ಕೇಳಿ.

ಬಿಪಿ ಮಾತ್ರೆ ತಪ್ಪಿಸಬೇಡಿ. ಎಮ್ಮೆಗೆ ಹಿಂಡಿ ತರಲು ಜಯರಾಮನಿಗೆ ಹೇಳಿ. ಪಕ್ಕದ ಮನೆಯ ಗೌರಮ್ಮನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ. ಇಲ್ಲಿಯ ಇಬ್ಬರಿಗೂ ಒಳ್ಳೆಯದಾಗಲಿ, ಕಣ್ತುಂಬ ನಿದ್ದೆ ಬರಲಿ ಎಂದು ನೀವು ಕುಳಿತಲ್ಲಿಂದಲೇ ಹರಸಿ. ನನಗೂ ನಿದ್ದೆ ಎಳೆಯುತ್ತಿದೆ.

ನಿಮ್ಮ
ನೀಲಾಬಾಯಿ

ತಾ.ಕ.: ಸೀಗಿ ಹುಣ್ಣಿಮೆಗೆ ನಾನಿರುವುದಿಲ್ಲ. ಬನ್ನಿಗಿಡದ ಬುಡಕ್ಕೆ ಐದು ಕಲ್ಲು ನೀವೇ ಇಡುತ್ತೀರಿ. ಈ ಸಲ ಇನ್ನೊಂದು ಆಯ್ದುಕೊಳ್ಳಿ, ಸಣ್ಣದು. ಕಿರಣನಿಗಿಂತ ಮೊದಲಿನದಕ್ಕೆ. ಗಂಡೋ ಹೆಣ್ಣೋ ನನಗೆ ತೋರಿಸಲಿಲ್ಲ. ಅತ್ತರೆ ಮುಂದಿನ ಬಸುರು ನಿಲ್ಲುವುದಿಲ್ಲ ಎಂದು ನಿಮ್ಮ ಅವ್ವ ನನ್ನ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ನೀವು ರುಮಾಲಿನಲ್ಲಿ ಸುತ್ತಿಕೊಂಡು ಹೊಲಕ್ಕೆ ಹೋದಿರಿ, ಬಂದು ಎಮ್ಮೆಯ ಹಾಲು ಕರೆದಿರಿ. ಎಲ್ಲಿ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ವರ್ಷವೂ ಚರಗ ಚೆಲ್ಲುವಾಗ ನಾನು ಮೂಲೆ ಮೂಲೆ ತಿರುಗುವುದು ಅದಕ್ಕೇ. ಎಲ್ಲಿದ್ದರೂ ಒಂದು ತುತ್ತು ಅದರ ಮೇಲೆ ಬೀಳಲಿ ಎಂದು. ಆ ಕಲ್ಲನ್ನು ಬನ್ನಿಗಿಡದ ಬುಡಕ್ಕೆ ಇಡಬೇಡಿ. ಎಲ್ಲಿಡಬೇಕೆಂದು ನಿಮಗೆ ಗೊತ್ತು.